ಮೂಗು ಜೋಡಿಸಿದವನ ಹೆಸರೇನು?

1792ರ ಮೈಸೂರು ಯುದ್ಧದಲ್ಲಿ, ಇಂಗ್ಲಿಷ್ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಟಿಪ್ಪುವಿನ ಸೆರೆಯಲ್ಲಿ ಮೂಗು ಕಳೆದುಕೊಂಡ. ಪುಣೆಯ ಬಳಿ ಅವನಿಗೆ ಹೊಸ ಮೂಗು ಜೋಡಿಸಿದ ವರದಿ 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಬಂತು.

ವಿಧಾನದ ವಿವರಣೆ ನಿಖರವಾಗಿದೆ. ಮೇಣದ ಅಚ್ಚಿನ ಅಳತೆಗೆ ಹಣೆಯ ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಕಿರುಪಟ್ಟಿಯೊಂದನ್ನು ಕತ್ತರಿಸದೆ ಉಳಿಸಿ, ಚರ್ಮವನ್ನು ಕೆಳಕ್ಕೆ ತಿರುಗಿಸಿ ಕೂರಿಸಲಾಯಿತು. ಆ ಪಟ್ಟಿಯ ಮೂಲಕ ರಕ್ತ ಹರಿದದ್ದರಿಂದ ಚರ್ಮ ಬದುಕಿತು. 1814ರಲ್ಲಿ ಲಂಡನ್ನಿನ ಕಾರ್ಪ್ಯೂ ಇದೇ ವಿಧಾನದಿಂದ ಯಶಸ್ವಿಯಾದರು.

ವರದಿಯ ಕೊರತೆ ಬೇರೆಡೆ ಇದೆ. ರೋಗಿಗೆ, ನೋಡಿದ ವೈದ್ಯರಿಗೆ ಅದರಲ್ಲಿ ಹೆಸರುಂಟು; ಚಿಕಿತ್ಸೆ ಮಾಡಿದವನು ಬರೀ ‘ಇಟ್ಟಿಗೆ ಮಾಡುವ ಜಾತಿಯವನು’. ಎಲ್ಲವನ್ನೂ ಸುಶ್ರುತನಿಗೆ ಸಲ್ಲಿಸಿದರೆ ನಾವೂ ಅದೇ ತಪ್ಪು ಮಾಡಿದಂತೆ. ಸುಶ್ರುತಸಂಹಿತೆ ಹೇಳುವುದು ಕೆನ್ನೆಯ ಚರ್ಮ. ಇವನು ಬಳಸಿದ್ದು ಹಣೆಯದು. ಪಾಠ ಹೇಳುವಾಗ ಈ ವ್ಯತ್ಯಾಸವನ್ನೂ ಆ ಅನಾಮಿಕನನ್ನೂ ನೆನೆಯಬೇಕು.