ಮಾರಾಟವಾಯಿತು ಅಂತಾರಲ್ಲ, ಯಾರಿಗೆ?

ಕಾರಿನ ಶೋರೂಮ್ ಒಂದು ಮುಚ್ಚಿದರೆ ನಮ್ಮ ಕಡೆ ಜನ ಕೊಡುವ ಕಾರಣ ಒಂದೇ: ‘ದುಂದು ಮಾಡಿದ, ಹೋದ.’ ಸಿರುಗುಪ್ಪದ ಚಹಾದಂಗಡಿಯಲ್ಲಿ ಕೇಳಿ, ಕೆಂಚನಗುಡ್ಡದ ಕಟ್ಟೆ ಮೇಲೆ ಕೇಳಿ, ಇದೇ ಮಾತು. ಮಗಳ ಮದುವೆಗೆ ಇಷ್ಟು ಸುರಿದ, ಎಲೆಕ್ಷನ್ನಿಗೆ ಅಷ್ಟು ಹಾಕಿದ, ಗೋವಾಕ್ಕೆ ಹೋಗಿ ಇಸ್ಪೀಟು ಆಡಿದ. ಪೇಪರಿನವರು ಇದನ್ನೇ ಸ್ವಲ್ಪ ಮರ್ಯಾದೆಯ ಭಾಷೆಯಲ್ಲಿ ‘ಮಾರುಕಟ್ಟೆಯಲ್ಲಿ ಮಂದಗತಿ’ ಅಂತ ಬರೀತಾರೆ. ಎರಡೂ ನನಗೆ ಒಪ್ಪಿಗೆ ಇಲ್ಲ. ಬಳ್ಳಾರಿಯ ಒಂದು ಶೋರೂಮಿನಲ್ಲಿ ಆರು ವರ್ಷ ಲೆಕ್ಕ ಬರೆದವನು ನಾನು. ಮಾರುಕಟ್ಟೆ ಚೆನ್ನಾಗಿದ್ದ ವರ್ಷವೇ ಬಾಗಿಲು ಹಾಕಿದವರನ್ನು ನೋಡಿದ್ದೀನಿ. ಎಲೆ ಅಡಿಕೆ ಸಹ ಹಾಕದ ಮಾಲೀಕರು ಮುಳುಗಿದ್ದನ್ನೂ ನೋಡಿದ್ದೀನಿ.

ಮೊದಲು ‘ಮಾರಾಟ’ ಅನ್ನೋ ಪದವನ್ನೇ ಹಿಡಿಯೋಣ. ಪ್ರತಿ ತಿಂಗಳ ಒಂದನೇ ತಾರೀಖು ಕಂಪನಿಗಳು ಲೆಕ್ಕ ಕೊಡ್ತವೆ, ಮರುದಿನ ಪತ್ರಿಕೆಗಳಲ್ಲಿ ‘ಕಾರು ಮಾರಾಟ ಇಷ್ಟು ಏರಿಕೆ’ ಅಂತ ದಪ್ಪಕ್ಷರದಲ್ಲಿ ಬರುತ್ತೆ. ಓದಿದವರು ಅಷ್ಟು ಕುಟುಂಬಗಳು ಕಾರು ಕೊಂಡವು ಅಂದುಕೊಳ್ತಾರೆ. ಅದು ಹಾಗಲ್ಲ. ಕಂಪನಿಯ ಲೆಕ್ಕದಲ್ಲಿ ಕಾರು ಕಾರ್ಖಾನೆಯಿಂದ ಹೊರಟು ಡೀಲರ್ ಹೆಸರಿಗೆ ಬಿಲ್ ಆದ ಕ್ಷಣವೇ ಮಾರಾಟ ಆಗಿಹೋಯ್ತು. ಆ ಕಾರು ಬಳ್ಳಾರಿಯ ಯಾರ್ಡಿನಲ್ಲಿ ಮೂರು ತಿಂಗಳು ಧೂಳು ತಿನ್ನುತ್ತಾ ನಿಂತರೂ ಅದು ಮಾರಾಟವಾದ ಕಾರೇ. ಡೀಲರ್‌ಗಳ ಸಂಘವಾದ ಫಾಡಾ, ಆರ್‌ಟಿಓ ನೋಂದಣಿಯ ವಾಹನ್ ದಾಖಲೆಯಿಂದ ಬೇರೆ ಲೆಕ್ಕ ಕೊಡುತ್ತೆ. ನಿಜವಾಗಿ ಜನ ಕೊಂಡದ್ದು ಆ ಲೆಕ್ಕದಲ್ಲಿ ಸಿಗುತ್ತೆ. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಎಲ್ಲಿರುತ್ತೆ ಅಂದರೆ, ಡೀಲರನ ಯಾರ್ಡಿನಲ್ಲಿ, ಅವನ ಬ್ಯಾಂಕ್ ಸಾಲದಲ್ಲಿ. 2024ರ ಸೆಪ್ಟೆಂಬರ್ ಕೊನೆಗೆ ದೇಶದ ಶೋರೂಮುಗಳಲ್ಲಿ ಹೀಗೆ ನಿಂತಿದ್ದ ಕಾರುಗಳು 7.9 ಲಕ್ಷ, ಬೆಲೆ 79,000 ಕೋಟಿ ರೂಪಾಯಿ ಅಂತ ಫಾಡಾ ಹೇಳಿತು. ದಿನದ ಲೆಕ್ಕದಲ್ಲಿ 80ರಿಂದ 85 ದಿನಗಳ ಸ್ಟಾಕು. ಇರಬೇಕಾದದ್ದು ಅದಕ್ಕಿಂತ ಬಹಳ ಕಮ್ಮಿ ಅನ್ನೋದು ಅವರ ವಾದ.

ಅಂದರೆ ಡೀಲರ್ ಅನ್ನುವವನು ಕಂಪನಿಯ ಏಜೆಂಟ್ ಅಲ್ಲ, ಕಂಪನಿಯ ಮೊದಲನೇ ಗಿರಾಕಿ. ನಮ್ಮೂರ ಜನಕ್ಕೆ ಇದನ್ನು ಅರ್ಥ ಮಾಡಿಸೋದು ಕಷ್ಟ. ‘ಕಂಪನಿ ಗಾಡಿ ಕೊಟ್ಟೈತೆ, ಮಾರಿದರೆ ಕಮಿಷನ್, ಮಾರದಿದ್ದರೆ ವಾಪಸ್’ ಅಂತಲೇ ಎಲ್ಲರೂ ನಂಬಿರೋದು. ವಾಪಸ್ ಅನ್ನೋ ಮಾತೇ ಇಲ್ಲ ಸ್ವಾಮಿ.

ಒಂದು ಕಾರಿನ ಲೆಕ್ಕ ಹಾಕಿ ನೋಡೋಣ. ಅಂದಾಜಿಗೆ 8 ಲಕ್ಷದ ಬಿಲ್ಲು. ಡೀಲರಿಗೆ ಸಿಗುವ ಮಾರ್ಜಿನ್ ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದು. ನಾಲ್ಕು ಅಂತ ಹಿಡಿದರೆ 32,000 ರೂಪಾಯಿ. ಗಾಡಿ ಕೊಂಡ ದುಡ್ಡು ಬ್ಯಾಂಕಿನದು, ವರ್ಷಕ್ಕೆ ನೂರಕ್ಕೆ ಹತ್ತರ ಬಡ್ಡಿ ಅನ್ನಿ. ದಿನಕ್ಕೆ ಸುಮಾರು 219 ರೂಪಾಯಿ. ತಿಂಗಳೊಳಗೆ ಗಾಡಿ ಹೋದರೆ ಬಡ್ಡಿ ಆರೂವರೆ ಸಾವಿರ, ಸರಿ, ಬದುಕಬಹುದು. 75 ದಿನ ನಿಂತರೆ 16,400. ಉಳಿದದ್ದು 15,600. ಅಷ್ಟರಲ್ಲಿ ಗಿರಾಕಿ ಬಂದು, ‘ರಾಯಚೂರಿನಲ್ಲಿ ಹದಿನೈದು ಸಾವಿರ ಬಿಡ್ತಾರಂತೆ, ನೀವೇನ್ ಬಿಡ್ತೀರಿ?’ ಅಂತಾನೆ. ಬಿಟ್ಟರೆ ಕೈಯಲ್ಲಿ ಆರುನೂರು ರೂಪಾಯಿ. ಅದರಲ್ಲೇ ಸೇಲ್ಸ್ ಹುಡುಗನ ಸಂಬಳ, ಜಾಗದ ಬಾಡಿಗೆ, ಎಸಿ ಕರೆಂಟು, ಡೆಲಿವರಿ ದಿನದ ಹೂವಿನ ಹಾರ, ಸ್ವೀಟ್ ಬಾಕ್ಸು. ಬಿಡದಿದ್ದರೆ ಗಿರಾಕಿ ರಾಯಚೂರಿಗೆ ಹೋಗ್ತಾನೆ, ಬಡ್ಡಿ ಮುಂದುವರಿಯುತ್ತೆ. ಗಾಡಿಯ ವರ್ಷ ಬದಲಾದರಂತೂ ಮುಗೀತು. ಡಿಸೆಂಬರಿನಲ್ಲಿ ತಯಾರಾದ ಗಾಡಿ ಜನವರಿಗೇ ‘ಹಳೇ ವರ್ಷದ್ದು.’

ಇಷ್ಟು ತೆಳ್ಳಗಿನ ವ್ಯಾಪಾರಕ್ಕೆ ಯಾಕೆ ಇಳೀತಾರೆ ಅಂತ ಕೇಳಬಹುದು. ಹಳೇ ಡೀಲರ್‌ಗಳು ಬದುಕಿದ್ದಾರಲ್ಲ, ಅವರನ್ನು ನೋಡಿ ಇಳೀತಾರೆ. ಆದರೆ ಹಳೇ ಡೀಲರ್ ಬದುಕಿರೋದು ಮುಂಭಾಗದ ಗಾಜಿನ ಕೋಣೆಯಿಂದ ಅಲ್ಲ, ಹಿಂದಿನ ವರ್ಕ್‌ಶಾಪಿನಿಂದ. ಹದಿನೈದು ವರ್ಷದಲ್ಲಿ ಅವನು ಮಾರಿದ ಗಾಡಿಗಳು ಆಯಿಲ್ ಚೇಂಜಿಗೆ, ಕ್ಲಚ್ಚಿಗೆ, ಡೆಂಟು ತೆಗೆಸೋಕೆ ಅವನ ಬೇಗೇ ಬರ್ತವೆ. ಅವುಗಳ ಇನ್ಶೂರೆನ್ಸ್ ಪ್ರತಿವರ್ಷ ಅವನ ಮೇಜಿನಲ್ಲೇ ರಿನ್ಯೂವಲ್ ಆಗುತ್ತೆ. ಶೋರೂಮಿನ ಬಾಡಿಗೆ, ಸಂಬಳ, ಬಡ್ಡಿ ಎಲ್ಲವನ್ನೂ ಆ ಎಣ್ಣೆ ಕೈಗಳೇ ಎತ್ತಿ ಹಿಡಿದಿರ್ತವೆ. ಹೊಸಬನ ಹತ್ತಿರ ಬೇಗಳು ಇರ್ತವೆ, ಲಿಫ್ಟು ಇರುತ್ತೆ, ಕಂಪನಿ ಹೇಳಿದ ಕಡೆಯೇ ಕೊಂಡ ಸ್ಪೆಷಲ್ ಟೂಲು ಇರ್ತವೆ, ಟ್ರೈನಿಂಗ್ ಮುಗಿಸಿದ ಮೆಕ್ಯಾನಿಕ್ ಇರ್ತಾನೆ. ಗಾಡಿಗಳೇ ಇರೋದಿಲ್ಲ. ಮೊದಲ ವರ್ಷ ಬರುವ ಗಾಡಿಗಳೂ ಫ್ರೀ ಸರ್ವೀಸಿನವು. ವ್ಯಾಪಾರ ಕಾಲೂರಬೇಕಾದರೆ ಮೂರು ನಾಲ್ಕು ವರ್ಷ ಬೇಕು, ಸಾಲದ ಕಂತು ಶುರುವಾಗೋದು ಮೊದಲ ತಿಂಗಳಿಂದ. ಹೊಸ ಶೋರೂಮುಗಳೇ ಹೆಚ್ಚು ಮುಚ್ಚೋದು ಯಾಕೆ ಅನ್ನೋದಕ್ಕೆ ನನ್ನ ಆರು ವರ್ಷದ ಲೆಡ್ಜರಿನಲ್ಲಿ ಇದಕ್ಕಿಂತ ದೊಡ್ಡ ಕಾರಣ ನನಗೆ ಸಿಕ್ಕಿಲ್ಲ. ಗೋವಾ, ಇಸ್ಪೀಟು ಎಲ್ಲ ಆಮೇಲಿನ ಮಾತು.

ಇನ್ನು ಟಾರ್ಗೆಟ್ಟು. ತಿಂಗಳ ಇಪ್ಪತ್ತೈದು ದಾಟಿದರೆ ಏರಿಯಾ ಮ್ಯಾನೇಜರ್ ಫೋನು ಶುರು: ‘ಇನ್ನು ಹನ್ನೆರಡು ಗಾಡಿ ಬಿಲ್ ಮಾಡ್ಕೊಳ್ಳಿ ಸರ್, ಕ್ವಾರ್ಟರ್ ಇನ್ಸೆಂಟಿವ್ ಹೋಗ್ಬಿಡುತ್ತೆ.’ ಜನ ಕೇಳುವ ಬಣ್ಣ, ಕೇಳುವ ಮಾಡೆಲ್ ಕೊಡಿ ಅಂದರೆ ಅದು ಬರಲ್ಲ. ಕಾರ್ಖಾನೆಯಲ್ಲಿ ಉಳಿದದ್ದು ಬರುತ್ತೆ. ಇನ್ಸೆಂಟಿವ್ ಬೇಕಾದರೆ ತಗೋಬೇಕು. ಡಿಸ್ಕೌಂಟಿನಲ್ಲಿ ಕಂಪನಿಯ ಪಾಲನ್ನೂ ಮೊದಲು ಡೀಲರೇ ಕೊಡೋದು, ಅದು ಕ್ರೆಡಿಟ್ ನೋಟ್ ಆಗಿ ಬರೋ ಹೊತ್ತಿಗೆ ಎರಡು ಮೂರು ತಿಂಗಳು. ತಾನು ಬೇರೆಯವರಿಗೆ ಕೊಟ್ಟ ಸಾಲಕ್ಕೆ ತಾನೇ ಬಡ್ಡಿ ಕಟ್ಟೋ ವ್ಯಾಪಾರ ಇದು.

ಕಂಪನಿಯ ಕ್ಯಾಲೆಂಡರಿಗೂ ನಮ್ಮ ಕ್ಯಾಲೆಂಡರಿಗೂ ಹೊಂದಿಕೆಯೇ ಇಲ್ಲ. ಸಿರುಗುಪ್ಪ ಸೀಮೆಯಲ್ಲಿ ಕಾರು ಕೊಳ್ಳೋದು ಸಂಬಳದ ಜನಕ್ಕಿಂತ ಭತ್ತದ ಜನ. ಡ್ಯಾಂ ತುಂಬಿದರೆ, ಕೆಳಮಟ್ಟದ ಕಾಲುವೆಗೆ ನೀರು ಬಿಟ್ಟರೆ, ಸೋನಾ ಮಸೂರಿ ಕಟಾವಾಗಿ ರೇಟು ಸಿಕ್ಕರೆ ಆಗ ಶೋರೂಮಿಗೆ ಬರ್ತಾರೆ. ಆಷಾಢದಲ್ಲಿ ಬರಲ್ಲ, ಪಿತೃಪಕ್ಷದಲ್ಲಿ ಬರಲ್ಲ. ಆಯುಧಪೂಜೆಗೆ, ದೀಪಾವಳಿಗೆ, ಯುಗಾದಿಗೆ ಬರ್ತಾರೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ವಾರ ನಮ್ಮ ಸೀಮೆಯಲ್ಲಿ ಒಬ್ಬನಾದರೂ ಹೊಸ ಗಾಡಿಯ ಮಾತು ಎತ್ತಿದ್ದು ನಾನು ಕೇಳಲಿಲ್ಲ. ಎರಡನೇ ಬೆಳೆ ಹಾಳಾಗಲಿ, ಮೊದಲನೆಯದಾದರೂ ಕೈಗೆ ಬರ್ತದೋ ಇಲ್ಲವೋ ಅನ್ನೋ ಚಿಂತೆ. ಆಮೇಲೆ ಮಳೆ ಬಂದು ನೀರು ಮತ್ತೆ ನಿಂತಿತು, ಅದು ಬೇರೆ ಮಾತು. ಗೇಟಿನ ಚೈನು ಹರಿದರೆ ಟಾರ್ಗೆಟ್ ಕಮ್ಮಿ ಮಾಡಿ ಅನ್ನೋ ಕಾಲಮ್ಮು ಕಂಪನಿಯ ಯಾವ ಫಾರ್ಮಿನಲ್ಲೂ ಇಲ್ಲ.

ಬಳ್ಳಾರಿಗೆ ಇದರ ದೊಡ್ಡ ಪಾಠ ಆದದ್ದು 2011ರಲ್ಲಿ. ಅದಿರು ಚೀನಾಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ಈ ಊರಲ್ಲಿ ಗಾಡಿ ಮಾರೋದಕ್ಕೆ ಜಾಣತನವೇ ಬೇಕಿರಲಿಲ್ಲ. ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಕಾರುಗಳ ಬ್ರ್ಯಾಂಡಿನ ಮೇಲೆ ಜನರ ಅಂತಸ್ತು ಅಳೆಯುತ್ತಿದ್ದರು. ಆ ಲೆಕ್ಕ ನಂಬಿ ಜಾಗ ಹಿಡಿದವರು, ಶಾಖೆ ತೆರೆದವರು ಬಹಳ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ, ಆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಒಂದು ದಿನದ ಆದೇಶದಲ್ಲಿ ಲಾರಿಗಳು ನಿಂತವು, ಕಂತು ನಿಂತವು. ಊರಿನ ಅಳತೆಗೆ ಅಲ್ಲ, ಅದಿರಿನ ಅಳತೆಗೆ ಕಟ್ಟಿದ ಶೋರೂಮುಗಳ ಖರ್ಚು ಮಾತ್ರ ನಿಲ್ಲಲಿಲ್ಲ.

ಸರ್ಕಾರದ ಆದೇಶಗಳೂ ಹೀಗೇ ಬರ್ತವೆ, ಬಂದು ಮೊದಲು ಬೀಳೋದು ಡೀಲರನ ಸ್ಟಾಕಿನ ಮೇಲೆ. 2017ರ ಮಾರ್ಚ್ 29ಕ್ಕೆ ಕೋರ್ಟು, ಏಪ್ರಿಲ್ 1ರಿಂದ ಬಿಎಸ್3 ಗಾಡಿ ಮಾರಬಾರದು ಅಂದಿತು. ನಡುವೆ ಇದ್ದದ್ದು ಎರಡೇ ದಿನ. 2020ರ ಮಾರ್ಚ್ 31 ಬಿಎಸ್4ಕ್ಕೆ ಕೊನೆ ದಿನ ಅಂತ ಮೊದಲೇ ಗೊತ್ತಿತ್ತು, ಆದರೆ ಕೊನೇ ವಾರಕ್ಕೆ ಲಾಕ್‌ಡೌನ್ ಬಿತ್ತು. ಇತ್ತೀಚಿನದು 2025ರ ಜಿಎಸ್‌ಟಿ. ಆಗಸ್ಟ್ 15ಕ್ಕೆ ಪ್ರಧಾನಿ ತೆರಿಗೆ ಇಳಿಸ್ತೀವಿ ಅಂದರು, ಇಳಿದದ್ದು ಸೆಪ್ಟೆಂಬರ್ 22ಕ್ಕೆ. ಸಣ್ಣ ಕಾರಿಗೆ ನೂರಕ್ಕೆ 28 ಇದ್ದದ್ದು 18 ಆಯ್ತು, ಸೆಸ್ಸು ಹೋಯ್ತು. ಗಿರಾಕಿಗೆ ಒಳ್ಳೇದೇ. ಆದರೆ ಗಣೇಶ ಹಬ್ಬಕ್ಕೆ ಅಂತ ತುಂಬಿಸಿಕೊಂಡ ಗಾಡಿಗಳ ಮುಂದೆ ಐದು ವಾರ ಯಾರೂ ಸುಳಿಯಲಿಲ್ಲ. ಸುಳಿಯೋದು ಯಾಕೆ, ಕಾದರೆ ಕಮ್ಮಿಗೆ ಸಿಗುತ್ತೆ! ಡೀಲರ್ ಮೊದಲೇ ಕಟ್ಟಿದ ಸೆಸ್ಸು ಅವನ ಪುಸ್ತಕದಲ್ಲಿ ಜಮೆ ಅಂತ ಕೂತಿತ್ತು, ಅದನ್ನು ಯಾವ ತೆರಿಗೆಗೂ ವಜಾ ಮಾಡಿಕೊಳ್ಳೋ ದಾರಿ ಇರಲಿಲ್ಲ. ದೇಶದಲ್ಲಿ ಹೀಗೆ ಸಿಕ್ಕಿಹಾಕಿಕೊಂಡದ್ದು ಸುಮಾರು 2,500 ಕೋಟಿ ಅಂತ ಫಾಡಾ ಗೋಳಾಡಿತು.

ಹಾಗಂತ ಮಾಲೀಕರೆಲ್ಲ ಸಾಚಾಗಳು ಅಂತ ನಾನು ಹೇಳ್ತಿಲ್ಲ. ನಮ್ಮ ಸೀಮೆಯ ರೋಗ ಒಂದೈತೆ: ಶೋರೂಮ್ ಅಂದರೆ ವ್ಯಾಪಾರಕ್ಕಿಂತ ಮೊದಲು ಹೆಸರು. ಅಕ್ಕಿ ಗಿರಣಿಯಲ್ಲಿ ಹತ್ತು ಪಟ್ಟು ದುಡಿದರೂ ಧೂಳಿನ ಸಾಹುಕಾರ; ಗಾಜಿನ ಕಟ್ಟಡದಲ್ಲಿ ಕೂತರೆ ಎಂಡಿ. ನಮ್ಮೂರಿನ ಒಬ್ಬ ಹಿರಿಯರು, ಹೊಳೆದಂಡೆಯ ಗದ್ದೆ ಇದ್ದವರು, ಮಗ ಎಂಬಿಎ ಮುಗಿಸಿದ ಅಂತ ಆ ಗದ್ದೆಯನ್ನೇ ಬ್ಯಾಂಕಿಗೆ ಬರೆದುಕೊಟ್ಟು ಒಂದು ಕಂಪನಿಯ ಡೀಲರ್‌ಶಿಪ್ ಹಿಡಿದರು. ಟೈಲ್ಸು ಕಂಪನಿ ಹೇಳಿದ ಕಡೆಯಿಂದ, ಸೋಫಾ ಕಂಪನಿ ಹೇಳಿದ ಕಡೆಯಿಂದ, ಬೋರ್ಡು ಕಂಪನಿ ಹೇಳಿದ ಕಡೆಯಿಂದ. ಉದ್ಘಾಟನೆಗೆ ಎರಡು ಸಾವಿರ ಊಟ. ಇದು ದುಂದೇ, ಒಪ್ತೀನಿ. ಆದರೆ ಅವರನ್ನು ಮುಳುಗಿಸಿದ್ದು ಆ ಎರಡು ಸಾವಿರ ಊಟ ಅಲ್ಲ.

ಮುಳುಗೋದು ಹೇಗೆ ಅನ್ನೋದನ್ನು ಹೇಳಿಬಿಡ್ತೀನಿ, ಯಾಕಂದರೆ ಪೆಟ್ಟು ಬೀಳೋದು ಮಾಲೀಕನಿಗೊಬ್ಬನಿಗೇ ಅಲ್ಲ. ಗಿರಾಕಿ ಗಾಡಿಯ ದುಡ್ಡು ಕಟ್ಟಿದಾಗ ಆ ದುಡ್ಡು ಮೊದಲು ಬ್ಯಾಂಕಿಗೆ ಹೋಗಬೇಕು, ಆ ಗಾಡಿಯ ಸಾಲ ತೀರಬೇಕು. ಒಂದು ತಿಂಗಳು ಸಂಬಳಕ್ಕೆ ಸಾಲಲ್ಲ, ಎರಡು ಗಾಡಿಯ ದುಡ್ಡು ಸಂಬಳಕ್ಕೆ ತಿರುಗುತ್ತೆ. ಮುಂದಿನ ತಿಂಗಳ ಗಿರಾಕಿಯ ದುಡ್ಡಿನಿಂದ ಹಿಂದಿನ ಗಾಡಿಯ ಸಾಲ ತೀರಿಸ್ತಾರೆ. ಮಾರಾಟ ಏರುತ್ತಿದ್ದರೆ ಯಾರಿಗೂ ಗೊತ್ತಾಗಲ್ಲ. ಒಂದು ಆಷಾಢ ಸಾಕು, ಸರಪಳಿ ತುಂಡಾಗೋಕೆ. ಆಮೇಲೆ ಕೈ ಹೋಗೋದು ರೋಡ್ ಟ್ಯಾಕ್ಸಿನ ದುಡ್ಡಿಗೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ನೂರಕ್ಕೆ 14, ಮೇಲೆ ಸೆಸ್ಸು. ಎಂಟು ಲಕ್ಷದ ಗಾಡಿಗೆ ಒಂದು ಲಕ್ಷ ದಾಟುತ್ತೆ. ಗಿರಾಕಿ ಕಟ್ಟಿದ್ದಾನೆ, ಆರ್‌ಟಿಓಗೆ ಹೋಗಿಲ್ಲ. ನಾನು ಕೂತ ಕೌಂಟರಿಗೆ ಒಬ್ಬ ರೈತ ಹನ್ನೊಂದು ಸಲ ಬಂದ: ‘ಟ್ಯಾಕ್ಸಿನ ರೊಕ್ಕ ಕಟ್ಟೀನಿ ಸಾರ್, ನಂಬರ್ ಬೋರ್ಡ್ ಎಲ್ಲೈತ್ರಿ?’ ಟೆಂಪರರಿ ನಂಬರು ಮುಗಿದ ಗಾಡಿಯನ್ನು ಮನೆ ಮುಂದೆ ತಾಡಪತ್ರಿ ಹೊದಿಸಿ ನಿಲ್ಲಿಸಿದ್ದ. ಆ ಹೊತ್ತಿಗೆ ನಮಗೂ ಮೂರು ತಿಂಗಳ ಸಂಬಳ ಬಾಕಿ. ಬ್ಯಾಂಕಿನವರು ಬಂದು ಯಾರ್ಡಿನ ಗಾಡಿಗಳ ಚಾಸಿ ನಂಬರು ಎಣಿಸಿದ ದಿನ ಪುಸ್ತಕದಲ್ಲಿದ್ದ ಗಾಡಿಗೂ ನೆಲದ ಮೇಲಿದ್ದ ಗಾಡಿಗೂ ತಾಳೆ ಆಗಲಿಲ್ಲ. ಅಲ್ಲಿಗೆ ಮುಗಿಯಿತು.

ಇನ್ನೊಂದು ಬಗೆಯ ಸಾವೂ ಇದೆ, ಡೀಲರನ ಕೈವಾಡವೇ ಇಲ್ಲದ್ದು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಕಂಪನಿ ಭಾರತದಲ್ಲಿ ಕಾರು ತಯಾರಿಸೋದನ್ನು ನಿಲ್ಲಿಸ್ತೀವಿ ಅಂದಿತು. ಅದಕ್ಕೂ ನಾಲ್ಕು ವರ್ಷ ಮೊದಲು ಜನರಲ್ ಮೋಟರ್ಸ್ ಷೆವರ್ಲೆ ಮಾರೋದನ್ನು ನಿಲ್ಲಿಸಿತ್ತು. ಫೋರ್ಡ್‌ಗೆ ಆಗ 170 ಡೀಲರ್‌ಗಳು, 391 ಶೋರೂಮುಗಳು, ಡೀಲರ್‌ಗಳ ಹೂಡಿಕೆಯೇ 2,000 ಕೋಟಿ, ಕೆಲಸದವರು 40,000 ಅಂತ ಫಾಡಾ ಲೆಕ್ಕ ಕೊಟ್ಟಿತು. ನಿರ್ಧಾರ ಆದದ್ದು ಅಮೆರಿಕದಲ್ಲಿ. ಅದೇ ಅಮೆರಿಕದಲ್ಲಿ ಡೀಲರನ್ನು ಬೇಕಾಬಿಟ್ಟಿ ಕೈಬಿಟ್ಟರೆ ಕಂಪನಿಯನ್ನು ಕೋರ್ಟಿಗೆ ಎಳೆಯೋಕೆ 1956ರಿಂದಲೇ ಕೇಂದ್ರದ ಕಾನೂನಿದೆ, ರಾಜ್ಯಗಳಲ್ಲೂ ಬೇರೆ ಬೇರೆ ಕಾನೂನುಗಳಿವೆ. ನಮ್ಮಲ್ಲಿ ಅಂಥದ್ದು ತನ್ನಿ ಅಂತ ಸಂಸತ್ತಿನ ಸ್ಥಾಯಿ ಸಮಿತಿಯೇ 2020ರ ಡಿಸೆಂಬರಿನಲ್ಲಿ ಶಿಫಾರಸು ಮಾಡಿತ್ತು. ಫೋರ್ಡ್ ಹೊರಟದ್ದು ಅದಾದ ಒಂಬತ್ತು ತಿಂಗಳಿಗೆ. ತಯಾರಕರು ಡೀಲರನ್ನು ಬಗ್ಗಿಸೋದು ಬರೀ ಕತೆ ಅಂತ ಅನ್ನೋರಿಗೆ ಇನ್ನೊಂದು: 2021ರ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗವು ಮಾರುತಿ ಸುಜುಕಿಗೆ 200 ಕೋಟಿ ದಂಡ ಹಾಕಿತು. ಡೀಲರ್‌ಗಳು ತಾವಾಗಿ ಹೆಚ್ಚು ಡಿಸ್ಕೌಂಟ್ ಕೊಡದಂತೆ ಕಂಪನಿ ತಡೆದಿತ್ತು, ಗಿರಾಕಿಯ ವೇಷದಲ್ಲಿ ಜನ ಕಳಿಸಿ ಪರೀಕ್ಷೆ ಮಾಡಿಸುತ್ತಿತ್ತು ಅನ್ನೋದು ಆಯೋಗದ ತೀರ್ಮಾನ. ಕಂಪನಿ ಮೇಲ್ಮನವಿ ಹಾಕಿತು. ಅಂದರೆ ಗಾಡಿ ಡೀಲರನದು, ಸಾಲ ಡೀಲರನದು, ಬಡ್ಡಿ ಡೀಲರನದು. ಎಷ್ಟಕ್ಕೆ ಮಾರಬೇಕು ಅನ್ನೋದು ಮಾತ್ರ ಅವನದಲ್ಲ.

ಈಗ ನಮ್ಮ ಕಡೆ ಎಲೆಕ್ಟ್ರಿಕ್ ಗಾಡಿಯ ಡೀಲರ್‌ಶಿಪ್ಪಿನ ಗಾಳಿ ಬೀಸ್ತಿದೆ. ಅವಕ್ಕೆ ಆಯಿಲ್ ಇಲ್ಲ, ಕ್ಲಚ್ಚಿಲ್ಲ, ಫಿಲ್ಟರಿಲ್ಲ. ಗಿರಾಕಿಗೆ ಅದೇ ಲಾಭ. ಹಳೇ ಡೀಲರನ್ನು ಕಾಪಾಡಿದ ವರ್ಕ್‌ಶಾಪು ಇವನನ್ನು ಕಾಪಾಡಲ್ಲ ಅಂತಲೂ ಅದರ ಅರ್ಥ. ಕೆಂಚನಗುಡ್ಡದ ಇನ್ನೊಬ್ಬರು ಹೋದ ತಿಂಗಳು ಒಂದು ಬಣ್ಣಬಣ್ಣದ ಪುಸ್ತಕ ತಂದು ತೋರಿಸಿದರು. ಕಟ್ಟಡದ ನಕ್ಷೆ, ಲೈಟಿನ ಅಳತೆ, ಉದ್ಘಾಟನೆಗೆ ಯಾವ ಬಣ್ಣದ ರಿಬ್ಬನ್ನು ಅನ್ನೋವರೆಗೂ ಎಲ್ಲಾ ಅದರಲ್ಲಿತ್ತು. ‘ಅಣ್ಣಾರೆ, ಕಂಪನಿ ಬಿಟ್ಟು ಹೋದರೆ ಸ್ಟಾಕು ಯಾರು ತಗೋತಾರೆ ಅನ್ನೋ ಪುಟ ಎಲ್ಲೈತೆ?’ ಅಂದೆ. ಅದು ಅಗ್ರಿಮೆಂಟಿನಲ್ಲಿ ಇರುತ್ತೆ, ಅದನ್ನು ದುಡ್ಡು ಕಟ್ಟಿದ ಮೇಲೆ ಕೊಡ್ತಾರಂತೆ ಅಂದರು.