ಬೇಲಿಯ ಮರ, ಕೋಠಿಯ ಬೀಗ

ಸಮಾಜವಾದಿ ದೇಶವೊಂದರಲ್ಲಿ ಜನ ಕಷ್ಟಪಟ್ಟರೆ ಅದಕ್ಕೆ ಹೊರಗಿನವರು ಹೇರಿದ ವ್ಯಾಪಾರ ದಿಗ್ಬಂಧನ ಕಾರಣವೋ, ಒಳಗಿನ ವ್ಯವಸ್ಥೆ ಕಾರಣವೋ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಎರಡು ಸಿದ್ಧ ಉತ್ತರಗಳಿವೆ. ಒಂದು ಪಂಗಡದ ಲೇಖನ 1962ರ ಫೆಬ್ರವರಿಯಿಂದ, ಕೆನಡಿ ಕ್ಯೂಬಾದ ಮೇಲೆ ಹೇರಿದ ನಿರ್ಬಂಧದಿಂದ ಶುರುವಾಗುತ್ತದೆ; ಇನ್ನೊಂದು ಪಂಗಡದ್ದು ಹವಾನಾದ ಪಡಿತರ ಚೀಟಿಯಿಂದ. ಮೊದಲ ಸಾಲು ಓದಿದರೆ ಕೊನೆಯ ಸಾಲು ಏನೆಂದು ಗೊತ್ತಾಗಿಬಿಡುತ್ತದೆ. ಸಾಕ್ಷಿ ಹುಡುಕಲು ಇಬ್ಬರೂ ಸಮುದ್ರ ದಾಟುತ್ತಾರೆ. ಸೊರಬ, ಶಿಕಾರಿಪುರದ ಹೊಲದ ಬೇಲಿಗಳಲ್ಲಿ ಇನ್ನೂರು ವರ್ಷ ನಡೆದ ಪ್ರಯೋಗ ಯಾರ ಕಣ್ಣಿಗೂ ಬಿದ್ದಿಲ್ಲ. ಬೀಳದಿರುವುದಕ್ಕೆ ಕಾರಣವೂ ಇದೆ. ಆ ಪ್ರಯೋಗದ ವಸ್ತು ಶ್ರೀಗಂಧ, ಮತ್ತು ಶ್ರೀಗಂಧದ ಕಥೆಯನ್ನು ನಾವು ಸಾಬೂನಿನ ಹೊದಿಕೆಯ ಮೇಲೆ ಅಚ್ಚು ಹಾಕಿಸಿ ಹೆಮ್ಮೆಯ ಕಥೆಯನ್ನಾಗಿ ಮಾಡಿಕೊಂಡಿದ್ದೇವೆ. ಆ ಹೆಮ್ಮೆಗೆ ಅರ್ಧ ಆಧಾರವಿದೆ. ಇನ್ನರ್ಧ ಉಬ್ಬಿಸಿದ್ದು ಎಂಬುದೇ ನನ್ನ ತಕರಾರು.

ಆಧಾರವಿರುವ ಅರ್ಧ ಎಲ್ಲರಿಗೂ ಗೊತ್ತಿರುವಂಥದ್ದು, ಬೇಗ ದಾಟಿಬಿಡೋಣ. ಮೈಸೂರು ಸಂಸ್ಥಾನದ ಗಂಧದ ಕೊರಡು ಹರಾಜಾಗಿ ಹಡಗು ಹತ್ತುತ್ತಿತ್ತು. ಎಣ್ಣೆ ಇಳಿಯುತ್ತಿದ್ದುದು ಹೆಚ್ಚಾಗಿ ಜರ್ಮನಿಯಲ್ಲಿ. 1914ರಲ್ಲಿ ಯುದ್ಧ ಬಂದು ಆ ದಾರಿ ಮುಚ್ಚಿತು, ಕೊರಡು ಸರ್ಕಾರದ ಗಂಧದ ಕೋಠಿಗಳಲ್ಲಿ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ, ದಿವಾನ್ ವಿಶ್ವೇಶ್ವರಯ್ಯ, ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್, ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೊ ಮತ್ತು ವಾಟ್ಸನ್ ಸೇರಿ ಎಣ್ಣೆಯನ್ನು ಇಲ್ಲೇ ಇಳಿಸಲು ಹೊರಟರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಇಳಿಯಿತು; ಬೆನ್ನಿಗೇ ಮೈಸೂರಿನ ಕಾರ್ಖಾನೆ, ಆಮೇಲೆ ಎಸ್. ಜಿ. ಶಾಸ್ತ್ರಿಗಳ ಸಾಬೂನು, 1944ರಲ್ಲಿ ಶಿವಮೊಗ್ಗದಲ್ಲಿ ಎರಡನೆಯ ಎಣ್ಣೆ ಕಾರ್ಖಾನೆ. ಹೊರಗಿನಿಂದ ಬಿದ್ದ ತಡೆ ಇಲ್ಲೊಂದು ಉದ್ಯಮ ಕಟ್ಟಿಸಿತು. ದಿಗ್ಬಂಧನವೆಂದರೆ ದಾರಿದ್ರ್ಯ ಎಂದು ಕಣ್ಣು ಮುಚ್ಚಿ ಬರೆಯುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಆ ಮೈಸೂರು ಸಮಾಜವಾದಿ ರಾಜ್ಯವೇನೂ ಆಗಿರಲಿಲ್ಲ, ನಿಜ. ಆದರೆ ಕಚ್ಚಾಮಾಲು, ಕಾರ್ಖಾನೆ, ಮಾರಾಟ ಮೂರೂ ಸರ್ಕಾರದ ಕೈಯಲ್ಲಿರಬೇಕೆಂಬ ಲಕ್ಷಣವನ್ನು ನಂತರದ ಸಮಾಜವಾದಿಗಳು ಅದರಿಂದಲೇ ಬಳುವಳಿ ಪಡೆದರು. 1955ರ ಆವಡಿ ಅಧಿವೇಶನದ ನಿರ್ಣಯ, 1976ರಲ್ಲಿ ಸಂವಿಧಾನದ ಪ್ರಸ್ತಾವನೆಗೆ ಸೇರಿದ 'ಸಮಾಜವಾದಿ' ಎಂಬ ಪದ, ಯಾವುದೂ ಗಂಧದ ಕೋಠಿಯ ಬೀಗದ ಕೈಯನ್ನು ಬೇರೆಯವರಿಗೆ ಕೊಡಲಿಲ್ಲ.

ಈಗ ಆ ಕೋಠಿಯೊಳಗಿನ ಒಂದು ಪಟ್ಟಿಯನ್ನು ಹತ್ತಿರದಿಂದ ನೋಡಬೇಕು. ಕಾಡಿನಿಂದ ಬಂದ ಗಂಧವನ್ನು ಹೊರಗಿನ ಬಿಳಿಮರ ಸವರಿ, ಚೇಗು ಮಾತ್ರ ಉಳಿಸಿ 18 ದರ್ಜೆಗಳಾಗಿ ವಿಂಗಡಿಸುವ ಪದ್ಧತಿ ಅದು. ಮೊದಲ ದರ್ಜೆಯ ಹೆಸರು ವಿಲಾಯತಿ ಬುದ್ಧ್, ಎರಡನೆಯದು ಚೀನಾ ಬುದ್ಧ್, ಮೂರನೆಯದು ಪಂಜಂ. ಹೀಗೇ ಘೋಟ್ಲಾ, ಬಾಗರದಾದ್, ಬೇರು, ಜಜ್‌ಪೊಕಲ್, ಚಿಲ್ಟಾ ಎಂದು ಇಳಿಯುತ್ತಾ ಕೊನೆಗೆ ಗರಗಸದ ಪುಡಿ. ಬೇರು, ಪುಡಿಗಳನ್ನು ಬಿಟ್ಟರೆ ಒಂದೂ ಕನ್ನಡದ ಹೆಸರಲ್ಲ ಎಂಬುದು ಸಣ್ಣ ಮಾತು. ದೊಡ್ಡ ಮಾತೆಂದರೆ, ಮೊದಲೆರಡು ಹೆಸರುಗಳು ಮರದ ಗುಣವನ್ನು ಹೇಳದೆ ಗಿರಾಕಿಯನ್ನು ಹೇಳುತ್ತವೆ. ಇನ್ನು ಅಳತೆ. ವಿಲಾಯತಿ ಬುದ್ಧ್ ಆಗಬೇಕಾದರೆ ಗಟ್ಟಿ ತುಂಡು 9 ಕಿಲೋಗಿಂತ ಕಡಿಮೆ ತೂಗಬಾರದು, ಟನ್ನಿಗೆ 112 ತುಂಡುಗಳನ್ನು ಮೀರಬಾರದು. ಈ 112 ಎಲ್ಲಿಂದ ಬಂತು? 9 ಕಿಲೋ ಎಂದರೆ ಹಳೆಯ 20 ಪೌಂಡು. 20ನ್ನು 112ರಿಂದ ಗುಣಿಸಿದರೆ 2,240 ಪೌಂಡು, ಅಂದರೆ ಸರಿಯಾಗಿ ಒಂದು ಇಂಗ್ಲಿಷ್ ಟನ್ನು. ಚೀನಾ ಬುದ್ಧಿಗೆ ಅರ್ಧ ತೂಕ, ಎರಡರಷ್ಟು ತುಂಡು: 224. ಪಂಜಮಿಗೆ ಅದರರ್ಧ, 448. ಮರದ ವಿಂಗಡಣೆಯೆಂದು ಕಾಣುವ ಈ ಪಟ್ಟಿ ಹಡಗಿನ ಒಡಲಿನ ಲೆಕ್ಕ. ಗಟ್ಟಿ, ಗಂಟು, ಬಿರುಕು, ಪೊಳ್ಳು ಎಂಬ ಕೆಲವು ಮಾತುಗಳನ್ನು ಬಿಟ್ಟರೆ ಉಳಿ ಹಿಡಿಯುವವನ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಎಳೆ ನೇರವೋ ತಿರುಚೋ, ಗಂಟು ಎಲ್ಲಿದೆ, ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ಸಾಲುವಷ್ಟು ಅಗಲ ಇದೆಯೇ ಎಂಬುದನ್ನು ತೂಕದ ತಕ್ಕಡಿ ಹೇಳಲಾರದು. ಸ್ವಾತಂತ್ರ್ಯ ಬಂದು ಪೌಂಡು ಹೋಗಿ ಕಿಲೋ ಬಂದಾಗಲೂ ತರ್ಜುಮೆಯಾದದ್ದು ಅಂಕಿ ಮಾತ್ರ. ವಿಲಾಯತಿಗೆ ಮೊದಲ ಸ್ಥಾನ, ಚೀನಾಕ್ಕೆ ಎರಡನೆಯದು, ಸೊರಬಕ್ಕೆ ಒಂದು ದರ್ಜೆಯೂ ಇಲ್ಲ.

ಸೊರಬವೇ ಯಾಕೆ? ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆಯನ್ನು ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲೇ ಮೆಚ್ಚಿ ಬರೆದಿದ್ದಾರೆ. ಈ ಕಸುಬಿಗೆ ಬೇಕಾದ ಮರ ದೂರದ್ದೂ ಅಲ್ಲ. ಗಂಧಕ್ಕೆ ಆಗುಂಬೆಯ ಮಳೆ ಹೆಚ್ಚಾಯಿತು, ಬಯಲುಸೀಮೆಯ ಬಿಸಿಲೂ ತುಸು ಹೆಚ್ಚಾಯಿತು. ಶಿಕಾರಿಪುರ ಮತ್ತು ಸೊರಬದ ಮೂಡಲ ಭಾಗದಂಥ ಅರೆಮಲೆನಾಡು ಅದಕ್ಕೆ ಹಿತ. ಬೀಜವನ್ನು ಹಕ್ಕಿ ಹಾಕುತ್ತದೆ, ಗಿಡ ಪಕ್ಕದವರ ಬೇರಿಗೆ ಬೇರು ತಾಗಿಸಿ ಅನ್ನ ಉಣ್ಣುತ್ತದೆ, ಆದ್ದರಿಂದ ಬೇಲಿಯೇ ಅದಕ್ಕೆ ತಕ್ಕ ಮನೆ. ಇದೇ ಶಿಕಾರಿಪುರ ಸೀಮೆಯ 11ನೇ ಶತಮಾನದ ಶಾಸನವೊಂದು ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದವರು ಊರೂರು ಅಲೆದು ಮಾರುತ್ತಿದ್ದ ಸರಕುಗಳಲ್ಲಿ ಏಲಕ್ಕಿ, ಲವಂಗ, ಕರ್ಪೂರದ ಜೊತೆ ಗಂಧವನ್ನೂ ಎಣಿಸುತ್ತದೆ. ಆ ಸೀಮೆಯ ಬಳ್ಳಿಗಾವೆಯ ಬೀದಿಯಲ್ಲಿ ಗಂಧ ಸರಕಾಗಿತ್ತು. 1792ರಲ್ಲಿ ಟಿಪ್ಪು ಅದನ್ನು ರಾಜಮರವೆಂದು ಸಾರಿದ ಮೇಲೆ ದೊರೆಯ ಸೊತ್ತಾಯಿತು. ಟಿಪ್ಪು ಹೋದ, ಒಡೆಯರು ಬಂದರು, ಕಮಿಷನರುಗಳು ಬಂದರು, ಚುನಾಯಿತ ಸರ್ಕಾರಗಳು ಬಂದವು. ಟಿಪ್ಪುವಿನ ಎಲ್ಲದರ ಬಗ್ಗೆಯೂ ಜಗಳವಾಡುವ ನಮ್ಮ ರಾಜಕಾರಣ ಈ ಒಂದು ಹುಕುಮನ್ನು ಮಾತ್ರ ಎರಡು ಶತಮಾನ ಸರ್ವಾನುಮತದಿಂದ ಪಾಲಿಸಿತು.

ಪಾಲಿಸಿದ ರೀತಿ ಇನ್ನೂ ವಿಚಿತ್ರ. 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ತನ್ನ ಜಮೀನಿನಲ್ಲಿರುವ ಗಂಧದ ಮರ ಕಾಪಾಡುವ ಹೊಣೆ ಜಮೀನಿನವನದಾಗಿತ್ತು, ಮರ ಸರ್ಕಾರದ್ದಾಗಿತ್ತು. ಕಡಿದು ಸಾಗಿಸಿದಾಗ ಬೋನಸ್ ಎಂಬ ಹೆಸರಿನ ಪಾಲೊಂದು ಸಿಗುತ್ತಿತ್ತು. ಕಳುವಾದರೆ ಸಿಗುತ್ತಿದ್ದುದು ವಿಚಾರಣೆ. ಹೀಗಾಗಿ ಬೇಲಿಯಲ್ಲಿ ಗಂಧದ ಸಸಿ ಕಂಡರೆ ಕಿತ್ತೆಸೆಯುವುದೇ ರೈತನಿಗೆ ಜಾಣತನವಾಯಿತು. ಶಿವಮೊಗ್ಗ ಜಿಲ್ಲೆ ಕರ್ನಾಟಕದ ಸಮಾಜವಾದದ ತವರು. 1951ರ ಕಾಗೋಡು ಸತ್ಯಾಗ್ರಹ, ಶಾಂತವೇರಿ ಗೋಪಾಲಗೌಡ, 1967ರಲ್ಲಿ ಸೊರಬದಿಂದ ವಿಧಾನಸಭೆಗೆ ಹೋದ ಬಂಗಾರಪ್ಪ, ಈ ಪರಂಪರೆಯನ್ನು ಮತ್ತೆ ವಿವರಿಸಬೇಕಿಲ್ಲ. ಉಳುವವನೇ ಹೊಲದೊಡೆಯ ಎಂದು ಅವರು ಕೂಗಿದ್ದು 1974ರ ಭೂಸುಧಾರಣೆಯಲ್ಲಿ ಕಾನೂನಾಗಿ ಬಂತು. ಗೇಣಿದಾರನಿಗೆ ಹೊಲ ಬಂತು, ಹೊಲದ ಬದುವಿನ ಮರ ಬರಲಿಲ್ಲ. ಜಮೀನ್ದಾರನ ಗೇಣಿಯನ್ನು ಅನ್ಯಾಯವೆಂದು ಕಂಡ ಕಣ್ಣಿಗೆ ಸರ್ಕಾರದ ರಾಜಮರ ಯಾಕೆ ಅನ್ಯಾಯವಾಗಿ ಕಾಣಲಿಲ್ಲ? ನನ್ನ ಮಟ್ಟಿಗೆ, ನಮ್ಮ ಸಮಾಜವಾದದ ವಿಮರ್ಶೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಮರ ಸರ್ಕಾರದ ಕೈಯಲ್ಲಿದ್ದರೆ ಜನರ ಕೈಯಲ್ಲಿದ್ದಂತೆಯೇ ಎಂಬ ನಂಬಿಕೆ ಅವರನ್ನು ಸುಮ್ಮನಾಗಿಸಿತೆಂದು ಕಾಣುತ್ತದೆ. ಆದರೆ ಗುಡಿಗಾರನೂ ಜನವೇ. ಅವನ ಅಂಗಡಿಯಿಂದ ನಾಲ್ಕು ಮೈಲಿ ಆಚೆ ನಿಂತ ಮರವನ್ನು ಅವನು ರೈತನಿಂದ ಕೊಳ್ಳುವಂತಿರಲಿಲ್ಲ, ರೈತ ಅವನಿಗೆ ಮಾರುವಂತಿರಲಿಲ್ಲ. ಮರ ಕೋಠಿಗೆ ಹೋಗಿ, ತೂಗಿಸಿಕೊಂಡು, ದರ್ಜೆ ಪಡೆದು, ಹಂಚಿಕೆಯ ಪಟ್ಟಿಯಲ್ಲಿ ಅವನ ಹೆಸರಿದ್ದರೆ ಮರಳಿ ಬರಬೇಕಿತ್ತು. ಎಣ್ಣೆ ಕಾರ್ಖಾನೆ, ರಫ್ತು, ಕರಕುಶಲ ನಿಗಮ ಎಲ್ಲವೂ ಸರತಿಯಲ್ಲಿದ್ದಾಗ ಬಿಡಿ ಕುಶಲಕರ್ಮಿಗೆ ಬಂದದ್ದು ಚೂರು. ಇಂದು ಗುಡಿಗಾರರ ಉಳಿಯ ಕೆಳಗೆ ಹೆಚ್ಚಾಗಿ ಕಾಣುವುದು ಶಿವನೆ ಮರ. ಕೆಲಸ ಈಗಲೂ ಚೆನ್ನಾಗಿಯೇ ಇದೆ. ಗಂಧದ ಸೂಕ್ಷ್ಮ ಎಳೆಯಲ್ಲಿ ಬಳ್ಳಿಯ ಮೇಲೆ ಬಳ್ಳಿ ಹಾಯಿಸುತ್ತಿದ್ದ ಕೈಗೆ ಶಿವನೆ ಅಷ್ಟನ್ನು ಬಿಟ್ಟುಕೊಡುವುದಿಲ್ಲ, ಅಷ್ಟೆ.

ಇಲ್ಲಿಂದ ಕ್ಯೂಬಾಕ್ಕೆ. ಅಲ್ಲಿನ ದಿಗ್ಬಂಧನ ಸುಳ್ಳೆಂದು ಹೇಳುವ ಮಾರುಕಟ್ಟೆ ಭಕ್ತರ ಜೊತೆ ನಾನಿಲ್ಲ. 1960ರ ಅಕ್ಟೋಬರಿನ ರಫ್ತು ತಡೆ, 1962ರ ಪೂರ್ಣ ತಡೆ, ಸೋವಿಯತ್ ಆಸರೆ ಕುಸಿದ ಮೇಲೆ ಗಾಯಕ್ಕೆ ಉಪ್ಪು ಸವರುವಂತೆ ಬಂದ 1992 ಮತ್ತು 1996ರ ಅಮೆರಿಕನ್ ಕಾನೂನುಗಳು, ಇವು ಬಿಡಿಭಾಗ, ಸಾಲ, ಹಡಗು ಎಲ್ಲವನ್ನೂ ದುಬಾರಿ ಮಾಡಿದವು. ಸೋವಿಯತ್ ಪತನದ ಮುಂದಿನ ಕೆಲವೇ ವರ್ಷಗಳಲ್ಲಿ ಆ ದೇಶದ ಉತ್ಪನ್ನ ಮೂರರಲ್ಲೊಂದು ಪಾಲಿನಷ್ಟು ಕುಸಿಯಿತು. 1992ರಲ್ಲಿ ಕಮ್ಯುನಿಸ್ಟ್ ನಾಯಕ ಹರ್ಕಿಶನ್ ಸಿಂಗ್ ಸುರ್ಜೀತ್ ಭಾರತದಲ್ಲಿ 10,000 ಟನ್ ಗೋಧಿ ಕೂಡಿಸಿ ಕಳಿಸಿದ್ದು ಪ್ರಚಾರಕ್ಕಲ್ಲ, ಅಲ್ಲಿ ನಿಜವಾಗಿ ಹಸಿವಿತ್ತು. ಆದರೆ ಎಡಪಂಥೀಯ ವಿಮರ್ಶಕರು ಇಷ್ಟಕ್ಕೇ ಲೇಖನ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಕ್ಯೂಬಾದ ರೈತ ತನ್ನ ಬೆಳೆಯಲ್ಲಿ ಸರ್ಕಾರಿ ಖರೀದಿ ಮುಗಿಸಿ ಉಳಿದದ್ದನ್ನು ಮಾರಲು 1980ರಲ್ಲಿ ಸಂತೆಗಳು ತೆರೆದವು. 1986ರಲ್ಲಿ ಅವನ್ನು ಮುಚ್ಚಿದವರು ಅಮೆರಿಕನ್ನರಲ್ಲ. ಹಸಿವು ಹೆಚ್ಚಿದ ಮೇಲೆ 1994ರಲ್ಲಿ ಮತ್ತೆ ತೆರೆದರು. ದನದ ಕಥೆ ನಮಗೆ ಇನ್ನೂ ಹತ್ತಿರದ್ದು. (ನಮ್ಮಲ್ಲಿ ದನದ ಮಾತೆತ್ತಿದರೆ ಚರ್ಚೆ ಬೇರೆ ದಾರಿ ಹಿಡಿಯುತ್ತದೆ, ಇಲ್ಲಿ ಅದು ಬರಿಯ ಸೊತ್ತು.) ಕ್ಯೂಬಾದಲ್ಲಿ ಸಾಕಿದವನೇ ತನ್ನ ದನವನ್ನು ಅಪ್ಪಣೆಯಿಲ್ಲದೆ ಕಡಿದರೆ ಸೆರೆಮನೆ, ಕಳುವಾದರೆ ಜವಾಬು ಅವನದೇ. 2021ರಲ್ಲಷ್ಟೇ ಷರತ್ತುಗಳೊಂದಿಗೆ ಮಾಂಸ ಮಾರಲು ಬಿಟ್ಟರು. ಇದು ಶಿಕಾರಿಪುರದ ಬೇಲಿಯ ಗಂಧದ ಕಾನೂನಲ್ಲದೆ ಮತ್ತೇನು? ವಾಷಿಂಗ್ಟನ್ನಿನ ಕೈ ಚಾಚದ ನಮ್ಮ ಬೇಲಿಯಲ್ಲೂ ಅದೇ ಕಾನೂನು ಅದೇ ಫಲ ಕೊಟ್ಟಿತು: ಸಾಕುವ ಆಸೆ ಸತ್ತಿತು, ಕಳ್ಳನ ಆಸೆ ಬೆಳೆಯಿತು. ಹೊರಗಿನ ತಡೆ ಸರಕಿನ ಬೆಲೆ ಏರಿಸುತ್ತದೆ. ಆ ಬೆಲೆಯನ್ನು ಯಾರು ತೆರಬೇಕು, ಎಷ್ಟು ಕಾಲ ತೆರಬೇಕು ಎಂಬುದು ಒಳಗಿನ ಬೀಗದ ತೀರ್ಮಾನ. ಎರಡನ್ನೂ ಒಂದೇ ಪದದಲ್ಲಿ ಕಟ್ಟಿ, ಬೇಕಾದಾಗ ಒಂದರ ಪಾಪವನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವುದು ಎರಡೂ ಪಂಗಡದ ವಿಮರ್ಶಕರ ಹಳೆಯ ಚಾಳಿ.

ಆಕ್ಷೇಪಗಳಿವೆ. 1914ರ ತಡೆಯನ್ನು 1962ರ ತಡೆಗೆ ಹೋಲಿಸುವುದು ನ್ಯಾಯವೇ? ಪೂರ್ತಿ ಅಲ್ಲ. ಮೈಸೂರಿಗೆ ಮುಚ್ಚಿದ್ದು ಜರ್ಮನಿಯ ಬಾಗಿಲು ಮಾತ್ರ, ಎಣ್ಣೆಗೆ ಲಂಡನ್ನಿನ ಬಾಗಿಲು ತೆರೆದೇ ಇತ್ತು. ಗಂಧದಲ್ಲಿ ಜಗತ್ತಿಗೆ ಮೈಸೂರಿಗೆ ಸಮನಾದ ಇನ್ನೊಂದು ಮೂಲವೂ ಇರಲಿಲ್ಲ. ಕ್ಯೂಬಾದ ಸಕ್ಕರೆಗೆ ಆ ಭಾಗ್ಯವಿಲ್ಲ. ಇದನ್ನು ಒಪ್ಪುತ್ತೇನೆ, ಒಪ್ಪಿದರೂ ನನ್ನ ವಾದ ಅಲುಗುವುದಿಲ್ಲ. ದಿಗ್ಬಂಧನ ನಿರಪಾಯವೆಂದು ನಾನು ಹೇಳುತ್ತಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಸರ್ಕಾರ ಹಿಡಿದಿಡದಿದ್ದರೆ ಗಂಧ ಎಂದೋ ನಿರ್ನಾಮವಾಗುತ್ತಿತ್ತು, ದಂತವನ್ನು ನಿಷೇಧಿಸಿದಂತೆ ಇದೂ ಬೇಕಿತ್ತು ಎನ್ನುವುದು. ದಂತದ ಕೆತ್ತನೆಯೂ ಗುಡಿಗಾರರ ಕೈಯಲ್ಲಿತ್ತು, 1986ರ ನಂತರ ನಿಂತಿತು, ನಿಲ್ಲಬೇಕಾದದ್ದೇ. ಆದರೆ ಆನೆಯನ್ನು ಬೇಲಿಯಲ್ಲಿ ಬೆಳೆಸಲಾಗದು, ಗಂಧವನ್ನು ಬೆಳೆಸಬಹುದು. ಕಾವಲಿನ ಫಲವನ್ನೂ ನೋಡಿ. ಕಳೆದ ಶತಮಾನದ ನಡುವಿನಲ್ಲಿ ದೇಶದ ಗಂಧದ ಇಳುವರಿ ವರ್ಷಕ್ಕೆ 4,000 ಟನ್ನಿನ ಆಸುಪಾಸು ಇತ್ತು, ಹೊಸ ಶತಮಾನದ ಹೊತ್ತಿಗೆ ಕೆಲವು ನೂರು ಟನ್ನಿಗೆ ಇಳಿಯಿತು. ಸ್ಪೈಕ್ ರೋಗದ ಪಾಲು ಅದರಲ್ಲಿದೆ, ಬೆಂಕಿಯದೂ ಇದೆ. ಆದರೆ ರೋಗ ಬಂದ ತೋಟಕ್ಕೆ ಒಡೆಯ ಮತ್ತೆ ಸಸಿ ನೆಡುತ್ತಾನೆ, ಅಡಿಕೆಯಲ್ಲಿ ಇದನ್ನು ಮಲೆನಾಡು ಎಷ್ಟು ಸಲ ಕಂಡಿಲ್ಲ! ಒಡೆಯನೇ ಇಲ್ಲದ ಮರಕ್ಕೆ ಮತ್ತೆ ನೆಡುವವರು ಯಾರು? 2004ರಲ್ಲಿ ಸತ್ತ ಗಂಧಗಳ್ಳ ವೀರಪ್ಪನ್‌ನನ್ನು ಬರಿಯ ಕಾಡಿನ ಕಥೆಯೆಂದು ಬರೆದವರು, ಅವನಿಗೆ ವ್ಯಾಪಾರ ಒದಗಿಸಿದ ಕೋಠಿಯ ಬೀಗವನ್ನು ಕಥೆಯಿಂದ ಬಿಟ್ಟರು.

ಅರಣ್ಯ ಕಾಯ್ದೆಯ 2001ರ ತಿದ್ದುಪಡಿ ಕೊನೆಗೂ ಬೆಳೆದವನನ್ನು ಮರದ ಒಡೆಯನೆಂದು ಒಪ್ಪಿತು. ಮಾರಾಟದ ದಾರಿಯನ್ನು ಮಾತ್ರ ಅರಣ್ಯ ಇಲಾಖೆಗೆ ಕಟ್ಟಿಯೇ ಇಟ್ಟಿತು. ಆಮೇಲಿನ ಸಡಿಲಿಕೆಯಲ್ಲಿ ಸರ್ಕಾರಿ ನಿಗಮಗಳು ಸೇರಿಕೊಂಡವು. ಅಷ್ಟರೊಳಗೆ ಪಶ್ಚಿಮ ಆಸ್ಟ್ರೇಲಿಯಾದ ಕುನುನುರ‍್ರಾದಲ್ಲಿ, ಆರ್ಡ್ ನದಿಯ ನೀರಾವರಿಯಲ್ಲಿ, ಇದೇ ನಮ್ಮ ಗಂಧದ ಜಾತಿಯ ತೋಪುಗಳು ಸಾಲು ಸಾಲಾಗಿ ಎದ್ದಿದ್ದವು. ಅಲ್ಲಿ ರಾಜಮರವಿಲ್ಲ, ಕಡಿದು ಮಾರುವುದಕ್ಕೆ ಬೆಳೆಸಿದ ಬೆಳೆ ಅದು. ಚೀನಾದ ಗಿರಾಕಿ ಈಗ ಕೊರಡಿಗಾಗಿ ಶಿವಮೊಗ್ಗದ ಹರಾಜಿಗೆ ಕಾಯಬೇಕಾಗಿಲ್ಲ. ಪಟ್ಟಿಯ ಎರಡನೆಯ ಸಾಲಿನಲ್ಲಿ ಅವನ ಹೆಸರು ಹಾಗೇ ಇದೆ, 224 ತುಂಡುಗಳ ಲೆಕ್ಕದೊಂದಿಗೆ.