ಬೆಳ್ಳಗಿರುವುದೆಲ್ಲ ಆರೋಗ್ಯವಲ್ಲ

ನಾಯಿಯ ಬಾಯಿ ನಾರಿದರೆ ‘ನಾಯಿ ಬಾಯಲ್ಲವೇ, ನಾರದೆ ಇನ್ನೇನು’ ಎಂದು ಸುಮ್ಮನಾಗುವುದು ನಮ್ಮಲ್ಲಿ ಬಹುಕಾಲದ ರೂಢಿ. ಈಗ ಅದರ ಪಕ್ಕದಲ್ಲೇ ಇನ್ನೊಂದು ರೂಢಿ ತಲೆಯೆತ್ತಿದೆ. ಊರೂರಿನ ಪೆಟ್ ಅಂಗಡಿಗಳಲ್ಲಿ ಹಲ್ಲಿಗೆಂದೇ ಪುದೀನ ವಾಸನೆಯ ಕಡ್ಡಿ, ನೀರಿಗೆ ಬೆರೆಸುವ ದ್ರವ, ಸ್ಪ್ರೇ, ಕೋಳಿ ರುಚಿಯ ಪೇಸ್ಟ್ ಸಿಗುತ್ತವೆ. ಗ್ರೂಮಿಂಗ್ ಪಾರ್ಲರ್‌ನಲ್ಲಿ ಸ್ನಾನ, ಉಗುರಿನ ಜೊತೆಗೆ ಹಲ್ಲಿನ ಕ್ಲೀನಿಂಗೂ ನಡೆಯುತ್ತದೆ. ಮೊದಲನೆಯದು ಅಸಡ್ಡೆ, ಎರಡನೆಯದು ಅಕ್ಕರೆ. ಆದರೆ ಫಲದ ಲೆಕ್ಕದಲ್ಲಿ ಇವೆರಡರ ನಡುವೆ ನಾವು ನಂಬಿರುವಷ್ಟು ಅಂತರವಿಲ್ಲ ಎಂಬುದು ನನ್ನ ತಕರಾರು. ಅಸಡ್ಡೆಯವರು ಹಲ್ಲನ್ನು ನೋಡುವುದೇ ಇಲ್ಲ; ಅಕ್ಕರೆಯವರು ಹಲ್ಲನ್ನು ಮಾತ್ರ ನೋಡುತ್ತಾರೆ. ನೋಡಬೇಕಾದದ್ದು ವಸಡನ್ನು.

ನಾಯಿಗೆ ಹುಳುಕು ಹಲ್ಲು ಅಪರೂಪ. ಅದರ ಜೊಲ್ಲು ನಮ್ಮ ಜೊಲ್ಲಿಗಿಂತ ಕ್ಷಾರೀಯ. ಆಮ್ಲದಿಂದ ಹಲ್ಲು ಕೊರೆದುಹೋಗುವುದು ಇದರಿಂದ ತಪ್ಪುತ್ತದೆ, ಆದರೆ ಪಾಚಿ ಗಟ್ಟಿಯಾಗುವುದಕ್ಕೂ ಇದೇ ನೆರವಾಗುತ್ತದೆ. ಉಜ್ಜಿದ ಹಲ್ಲಿನ ಮೇಲೆ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾದ ಜಿಗುಟು ಪದರ ಕೂರುತ್ತದೆ; ಪಾಚಿ ಎಂದರೆ ಇದೇ. ಎರಡು ಮೂರು ದಿನ ಬಿಟ್ಟರೆ ಜೊಲ್ಲಿನ ಸುಣ್ಣದಂಶ ಸೇರಿ ಕಿಟ್ಟವಾಗತೊಡಗುತ್ತದೆ. ಕಂದು ಬಣ್ಣದ ಆ ಕಿಟ್ಟ ಕಣ್ಣಿಗೆ ರಾಚುತ್ತದೆ, ಹಾಗಾಗಿ ಅದನ್ನೇ ರೋಗವೆಂದು ತಿಳಿಯುತ್ತೇವೆ. ಅಸಲಿ ಹಾನಿ ಮಾಡುವುದು ವಸಡಿನ ಅಂಚಿನೊಳಗೆ ನುಸುಳುವ ಪಾಚಿ. ಅದಕ್ಕೆ ದೇಹ ಕೊಡುವ ಉರಿಯೂತದ ಪ್ರತಿಕ್ರಿಯೆಯಲ್ಲೇ ಹಲ್ಲನ್ನು ಹಿಡಿದಿಟ್ಟ ನಾರು ಮತ್ತು ಮೂಳೆ ಕರಗುತ್ತವೆ. ಆದ್ದರಿಂದ ಹಲ್ಲು ಶುಚಿಯ ಯಾವ ವಿಧಾನವನ್ನು ಅಳೆಯಲೂ ಒಂದೇ ಪ್ರಶ್ನೆ ಸಾಕು: ಇದು ವಸಡಿನ ಅಂಚನ್ನು ಮುಟ್ಟುತ್ತದೆಯೇ?

ನಾಯಿಯ ಮೇಲ್ದುಟಿಯನ್ನು ಬಾಯಿಯ ಮೂಲೆಯಿಂದ ಹಿಂದಕ್ಕೆ ಎತ್ತಿ ನೋಡಿ. ಎಲ್ಲಕ್ಕಿಂತ ದೊಡ್ಡದಾಗಿ, ಕತ್ತರಿಯ ಅಲಗಿನಂತೆ ಕಾಣುವ ಹಲ್ಲೊಂದು ಅಲ್ಲಿದೆ. ಮೇಲ್ದವಡೆಯ ನಾಲ್ಕನೆಯ ಮುಂದವಡೆ ಹಲ್ಲು ಅದು; ಮೂರು ಬೇರಿನದು. ಜೊಲ್ಲಿನ ನಾಳಗಳು ತೆರೆಯುವುದು ಅದರ ಹತ್ತಿರದಲ್ಲೇ, ಹಾಗಾಗಿ ಕಿಟ್ಟ ಮೊದಲು ದಪ್ಪಗಟ್ಟುವುದೂ ಅಲ್ಲೇ. ಮುಂಭಾಗದ ಹಲ್ಲುಗಳು ಮುತ್ತಿನಂತಿದ್ದರೂ ಇಲ್ಲಿ ಹಲ್ಲು ಸೇರುವ ಗೆರೆಯುದ್ದಕ್ಕೂ ವಸಡು ಕೆಂಪಗೆ ಊದಿರಬಹುದು. ಆ ಬೇರುಗಳಿಗೆ ಸೋಂಕು ಇಳಿದರೆ ಕಣ್ಣಿನ ಕೆಳಗೆ ಬಾವು ಬರುತ್ತದೆ. ಮನೆಯವರು ಅದನ್ನು ಕಣ್ಣಿನ ತೊಂದರೆ ಎಂದೋ, ಏನೋ ಕಚ್ಚಿರಬೇಕು ಎಂದೋ ಭಾವಿಸುತ್ತಾರೆ. ಇಷ್ಟಾದರೂ ನಾಯಿ ತಟ್ಟೆ ಖಾಲಿ ಮಾಡುತ್ತಲೇ ಇರುತ್ತದೆ. ಮುದ್ದೆಯನ್ನೂ ಮೊಸರನ್ನವನ್ನೂ ನುಂಗಲು ಹಲ್ಲೇನೂ ಬೇಕಿಲ್ಲ. ‘ಊಟ ಚೆನ್ನಾಗಿ ಮಾಡ್ತಿದೆ’ ಎಂಬುದು ಬಾಯಿಯ ಆರೋಗ್ಯಕ್ಕೆ ಸಾಕ್ಷಿಯಾಗಲಾರದು.

ಈ ಅಳತೆಗೋಲಿನಲ್ಲಿ ಬ್ರಷ್ಷಿಗೆ ಮೊದಲ ಸ್ಥಾನ. ಮೆತ್ತನೆಯ ಎಳೆಗಳನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು ಹೊರಮೈಯನ್ನು ಉಜ್ಜಿದರೆ ದೊಡ್ಡ ಕೆಲಸ ಮುಗಿಯಿತು. ಒಳಮೈಯಲ್ಲಿ ನಾಲಿಗೆಯೇ ಆಡುತ್ತಿರುವುದರಿಂದ ಅಲ್ಲಿ ಪಾಚಿ ಕಡಿಮೆ. ಬೀಗಲ್ ನಾಯಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ದಿನವೂ ಅಥವಾ ದಿನ ಬಿಟ್ಟು ದಿನ ಉಜ್ಜಿದಾಗ ಸಿಗುವ ಫಲ ವಾರಕ್ಕೊಮ್ಮೆ ಉಜ್ಜಿದಾಗ ಸಿಗುವುದಿಲ್ಲವೆಂದು ತೋರಿಸಿತು. ಪಾಚಿ ಕಿಟ್ಟವಾಗುವ ವೇಗ ತಿಳಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ನಮ್ಮ ಪೇಸ್ಟ್ ಮಾತ್ರ ಬೇಡವೇ ಬೇಡ. ನಾಯಿಗೆ ಉಗುಳಲು ಬರುವುದಿಲ್ಲ. ಫ್ಲೋರೈಡ್ ಹೊಟ್ಟೆಗೆ ಇಳಿಯುತ್ತದೆ, ಕೆಲವು ಪೇಸ್ಟ್‌ಗಳಲ್ಲಿರುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ದಿಢೀರನೆ ಕುಸಿಯುವಂತೆ ಮಾಡಿ ಯಕೃತ್ತಿಗೂ ಹಾನಿ ತರುತ್ತದೆ. ಉಪ್ಪು-ಇದ್ದಿಲಿನ ಅಜ್ಜಿ ಕಾಲದ ಪುಡಿಯೂ ಬೇಡ. ಬ್ರಷ್ಷಿನ ದೋಷವಿರುವುದು ಅದನ್ನು ಬೋಧಿಸುವ ಬಗೆಯಲ್ಲಿ. ‘ದಿನಾ ಉಜ್ಜಿ’ ಎಂದು ಹೇಳಿ ಕಳುಹಿಸುವವರು ತುಟಿ ಮುಟ್ಟಿಸಿಕೊಳ್ಳುವುದು, ಬೆರಳಿನಿಂದ ಪೇಸ್ಟ್ ನೆಕ್ಕುವುದು, ಆಮೇಲೆ ಬ್ರಷ್ ಎಂಬ ವಾರಗಟ್ಟಲೆಯ ಪಾಠವನ್ನು ಹೇಳಿಕೊಡುವುದಿಲ್ಲ. ಮೊದಲ ದಿನವೇ ನಾಯಿಯನ್ನು ಅದುಮಿ ಹಿಡಿದ ಮನೆಯಲ್ಲಿ ಬ್ರಷ್ ಹೆಚ್ಚು ದಿನ ಬಾಳುವುದಿಲ್ಲ.

ಆ ಖಾಲಿ ಜಾಗಕ್ಕೇ ಜಗಿಯುವ ಕಡ್ಡಿಗಳು ಬಂದು ಕೂತಿರುವುದು. ಇವನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. 1997ರಲ್ಲಿ ಶುರುವಾದ ಅಮೆರಿಕದ ವೆಟರ್ನರಿ ಓರಲ್ ಹೆಲ್ತ್ ಕೌನ್ಸಿಲ್, ಪ್ರಯೋಗದಲ್ಲಿ ಪಾಚಿಯನ್ನೋ ಕಿಟ್ಟವನ್ನೋ ನಿಗದಿತ ಮಟ್ಟಕ್ಕೆ ತಗ್ಗಿಸಿದ ಉತ್ಪನ್ನಗಳಿಗೆ ಮುದ್ರೆ ಕೊಡುತ್ತದೆ. ಆ ಮುದ್ರೆಗೆ ಬೆಲೆಯಿದೆ, ಮಿತಿಯೂ ಇದೆ: ಕಡಿಮೆಯಾಗುತ್ತದೆ ಎಂದಷ್ಟೇ ಅದು ಹೇಳುತ್ತದೆ, ವಸಡಿನ ರೋಗ ಬರುವುದಿಲ್ಲ ಎಂದು ಹೇಳುವುದಿಲ್ಲ. ಮುದ್ರೆಯಿಲ್ಲದೆ ಹಲ್ಲಿನ ಚಿತ್ರವಷ್ಟೇ ಇರುವ ಪೊಟ್ಟಣದ ಕಡ್ಡಿಯನ್ನು ತಿಂಡಿಯೆಂದೇ ಎಣಿಸಬೇಕು. ಎರಡೇ ಕಡಿತಕ್ಕೆ ನುಂಗಿ ಮುಗಿಸುವ ಲ್ಯಾಬ್ರಡಾರ್‌ಗೆ ಅದರಿಂದ ಸಿಗುವುದು ಕ್ಯಾಲೊರಿ ಮಾತ್ರ.

ಮೂಳೆಯ ವಾದ ಇದಕ್ಕಿಂತ ಹಳೆಯದು, ಇದಕ್ಕಿಂತ ಹಟದ್ದು. ‘ಕಾಡಿನಲ್ಲಿ ಯಾರು ಹಲ್ಲುಜ್ಜುತ್ತಾರೆ?’ ಎಂಬುದು ಅದರ ಸವಾಲು. ಮೂಳೆ ಕಡಿಯುವ ನಾಯಿಯ ಹಲ್ಲಿನಲ್ಲಿ ಕಿಟ್ಟ ಕಡಿಮೆ ಎಂಬುದು ನಿಜವೇ. ಆದರೆ ಆಫ್ರಿಕಾದ ಕಾಡುನಾಯಿಗಳ ತಲೆಬುರುಡೆ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ವರದಿ, ಸವೆದ ಹಲ್ಲು, ಮುರಿದ ಹಲ್ಲುಗಳ ಜೊತೆಗೆ ವಸಡಿನ ರೋಗದ ಗುರುತುಗಳನ್ನೂ ಕಂಡಿತ್ತು. ಕಾಡು ದಂತವೈದ್ಯನೇನಲ್ಲ. ಗಟ್ಟಿ ಮೂಳೆ, ದನದ ಗೊರಸು, ಯಾಕ್ ಹಾಲಿನ ಕಲ್ಲಿನಂಥ ಚೀಸ್ ಕಡಿಯುವಾಗ ಮೇಲೆ ಹೇಳಿದ ಅದೇ ದೊಡ್ಡ ಹಲ್ಲಿನ ಹೊರಮೈ ಚಕ್ಕೆಯಾಗಿ ಸೀಳಿ ಒಳಗಿನ ತಿರುಳು ಬಯಲಾಗಬಹುದು. ಉಗುರಿನಿಂದ ಒತ್ತಿದರೆ ಗುರುತು ಬೀಳದ ವಸ್ತುವನ್ನು ನಾಯಿಗೆ ಜಗಿಯಲು ಕೊಡಬಾರದು.

ನನ್ನ ಕಟು ಆಕ್ಷೇಪ ಇರುವುದು ಅರಿವಳಿಕೆಯಿಲ್ಲದ ಸ್ಕೇಲಿಂಗ್ ಬಗ್ಗೆ. ಎಚ್ಚರವಿರುವ ನಾಯಿಯನ್ನು ಹಿಡಿದು ಕಿಟ್ಟ ಕೆರೆದು ತೆಗೆದರೆ ಅರ್ಧ ಗಂಟೆಯಲ್ಲಿ ಹಲ್ಲು ಬೆಳ್ಳಗಾಗುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ವಸಡಿನೊಳಗೆ ಉಪಕರಣ ಹೋಗಿರುವುದಿಲ್ಲ; ನೋವಿಗೆ ಯಾವ ನಾಯಿಯೂ ಅದನ್ನು ಬಿಡುವುದಿಲ್ಲ. ಪಾಲಿಶ್ ಮಾಡದೆ ಬಿಟ್ಟ ಒರಟು ಮೈಮೇಲೆ ಹೊಸ ಪಾಚಿ ಬೇಗ ಹಿಡಿಯುತ್ತದೆ. ಅಮೆರಿಕದ ಪಶುದಂತವೈದ್ಯರ ಕಾಲೇಜೂ, ವಿಶ್ವ ಸಣ್ಣಪ್ರಾಣಿ ಪಶುವೈದ್ಯರ ಸಂಘವೂ ಇದನ್ನು ಬೇಡವೆಂದಿವೆ. ಬಾಕಿ ಯಾವ ವಿಧಾನವೂ ತಾನು ಮಾಡಿದ್ದಕ್ಕಿಂತ ಇಷ್ಟೊಂದು ಹೆಚ್ಚು ಭರವಸೆ ಕೊಡುವುದಿಲ್ಲ. ಹೊರಗಿನ ಗುರುತು ಹೋಗಿದೆ, ಒಳಗೆ ಮೂಳೆ ಕರಗುವುದು ನಿಂತಿಲ್ಲ. ಮಾಲೀಕರು ಮಾತ್ರ ನಿಶ್ಚಿಂತೆಯಿಂದ ಮನೆಗೆ ಹೋಗಿರುತ್ತಾರೆ.

ಆಸ್ಪತ್ರೆಯ ಸ್ಕೇಲಿಂಗ್‌ಗೆ ಜನ ಹೆದರುವುದು ಅರಿವಳಿಕೆಗೆ. ಆ ಭಯ ಪೂರ್ತಿ ಸುಳ್ಳಲ್ಲ. ಮೊದಲು ರಕ್ತಪರೀಕ್ಷೆ, ಹೃದಯದ ತಪಾಸಣೆ ಮಾಡುವುದು ಅದಕ್ಕೇ. ಆದರೆ ಅರಿವಳಿಕೆ ಕೊಟ್ಟು ಶ್ವಾಸನಾಳಕ್ಕೆ ಕೊಳವೆ ಹಾಕಿದಾಗಲೇ ಕೊಳಕು ನೀರು ಶ್ವಾಸಕೋಶಕ್ಕೆ ಇಳಿಯದಂತೆ ತಡೆಯಲು, 42 ಹಲ್ಲುಗಳ ಸುತ್ತಲೂ ಆಳ ಅಳೆಯಲು, ಎಕ್ಸ್‌ರೇಯಲ್ಲಿ ಬೇರು ನೋಡಲು ಸಾಧ್ಯ. ಇಲ್ಲಿ ವೈದ್ಯರನ್ನೂ ಪ್ರಶ್ನಿಸಬೇಕು: ಎಕ್ಸ್‌ರೇ ಇಲ್ಲದೆ ಕೆರೆದು ಕಳಿಸಿದರೆ ಅದು ಪಾರ್ಲರ್ ಕೆಲಸದ ದುಬಾರಿ ಆವೃತ್ತಿ. ಹಲ್ಲು ಉಜ್ಜದಿದ್ದರೆ ಹೃದಯ ಕೆಡುತ್ತದೆ ಎಂದು ಹೆದರಿಸಿ ಮಾರುವುದೂ ಸಲ್ಲ. ವಸಡಿನ ರೋಗಕ್ಕೂ ಹೃದಯ, ಮೂತ್ರಪಿಂಡದ ಬದಲಾವಣೆಗಳಿಗೂ ನಂಟು ಕಂಡಿದೆ. ಒಂದರಿಂದಲೇ ಇನ್ನೊಂದು ಬಂತೆಂದು ಸಾಬೀತಾಗಿಲ್ಲ. ಬಾಯಿಯ ನೋವೇ ಸಾಕಷ್ಟು ದೊಡ್ಡ ಕಾರಣ.

ಪಾಮೇರಿಯನ್, ಶಿಟ್ಜುಗಳಂಥ ಸಣ್ಣ ತಳಿಗಳಿಗೆ ಇದೆಲ್ಲ ಇನ್ನೂ ತುರ್ತಿನದು. ಚಿಕ್ಕ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿರುತ್ತವೆ, ಹಾಲುಹಲ್ಲು ಬೀಳದೆ ಪಕ್ಕದಲ್ಲೇ ಉಳಿದಿರುತ್ತದೆ. ಮೂಳೆ ಕರಗಿದರೆ ಕೆಳದವಡೆಯೇ ಮುರಿಯಬಹುದು. ಏಳು ತಿಂಗಳಾದರೂ ಜೋಡಿ ಕೋರೆಹಲ್ಲು ಕಂಡರೆ ವೈದ್ಯರಿಗೆ ತೋರಿಸಲೇಬೇಕು.

ಹಾಗಾದರೆ ತೀರ್ಮಾನ ಇಷ್ಟು. ಬ್ರಷ್ ಬದಲಿಯಿಲ್ಲದ್ದು, ಮುದ್ರೆಯ ಕಡ್ಡಿ ಅದರ ಸಹಾಯಕ, ಗಟ್ಟಿ ಮೂಳೆ ಅಪಾಯ, ಪಾರ್ಲರ್ ಸ್ಕೇಲಿಂಗ್ ಮೋಸ, ಎಕ್ಸ್‌ರೇ ಸಹಿತ ಸ್ಕೇಲಿಂಗ್ ಮಾತ್ರ ಚಿಕಿತ್ಸೆ. ಇದಕ್ಕೆ ದೊಡ್ಡ ಖರ್ಚಿಲ್ಲದ ಸುಧಾರಣೆಯೊಂದನ್ನು ಸೇರಿಸುತ್ತೇನೆ: ಲಸಿಕೆ ಪುಸ್ತಕದಲ್ಲಿ ರೇಬೀಸ್, ಜಂತುಹುಳುವಿನ ಸಾಲುಗಳ ಜೊತೆಗೆ ವಸಡಿಗೂ ಒಂದು ಸಾಲು ಇರಲಿ. ಚುಚ್ಚುಮದ್ದಿಗೆ ಬಂದ ನಾಯಿಯ ತುಟಿ ಎತ್ತಿ ನೋಡಿ, ಕಂಡದ್ದನ್ನು ಬರೆಯಲು ಎರಡು ನಿಮಿಷವೂ ಬೇಡ. ವೈದ್ಯರು ಬರೆಯದಿದ್ದರೆ ಬರೆಸಿಕೊಳ್ಳುವುದು ಮಾಲೀಕರ ಹಕ್ಕು.